ವಿಡಿಯೊ ಬ್ಲಾಗ್ ಆರಂಭಿಸುವವರಿಗೆ: ಮೊದಲು ವಿಷಯ, ಆಮೇಲೆ ಧ್ವನಿ, ಕೊನೆಗೆ ಕ್ಯಾಮೆರಾ

ಗಿಡಕ್ಕೆ ಕಸಿ ಕಟ್ಟುವ ಕೆಲಸವನ್ನು ಬರವಣಿಗೆಯಲ್ಲಿ ವಿವರಿಸಲು ಹೊರಟವರಿಗೆ ಒಂದು ಹಂತದಲ್ಲಿ ಮಾತು ಸಾಲದಾಗುತ್ತದೆ. ಬೇರುಗಿಡದ ಕಾಂಡವನ್ನು ಸೀಳಬೇಕು, ಕಸಿಕಡ್ಡಿಯ ತುದಿಯನ್ನು ಬೆಣೆಯಂತೆ ಹೆರೆಯಬೇಕು, ಎರಡರ ತೊಗಟೆಯ ಕೆಳಗಿರುವ ಹಸಿರು ಪದರಗಳು ಒಂದಕ್ಕೊಂದು ತಾಗುವಂತೆ ಕೂಡಿಸಿ ಪಟ್ಟಿ ಸುತ್ತಬೇಕು ಎಂದು ಬರೆಯಬಹುದು. ಆದರೆ ಚಾಕುವನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ಹೆರೆಯುವಾಗ ಹೆಬ್ಬೆರಳು ಎಲ್ಲಿರಬೇಕು, ಪಟ್ಟಿ ಎಷ್ಟು ಬಿಗಿಯಾದರೆ ಸಾಕು ಎಂಬುದನ್ನು ಎರಡು ಪುಟ ಬರೆದರೂ ಓದುಗರ ಕೈಗೆ ದಾಟಿಸುವುದು ಕಷ್ಟ. ಅರ್ಧ ನಿಮಿಷದ ವಿಡಿಯೊ ಅದನ್ನು ತೋರಿಸಿಬಿಡುತ್ತದೆ. ವಿಡಿಯೊ ಬ್ಲಾಗ್ ಮಾಡುವುದಕ್ಕೆ ಇರುವ ಮೊದಲ ಮತ್ತು ಅತ್ಯಂತ ಗಟ್ಟಿಯಾದ ಕಾರಣ ಇದೇ ಎಂದು ನಾನು ನಂಬಿದ್ದೇನೆ: ಕೈಯಲ್ಲಿ, ಕಣ್ಣಿನಲ್ಲಿ, ಧ್ವನಿಯ ಏರಿಳಿತದಲ್ಲಿ ಇರುವ ತಿಳಿವಳಿಕೆ ಬೇರೊಬ್ಬರಿಗೆ ಹಾಗೆಯೇ ತಲುಪುತ್ತದೆ.

ಎರಡನೆಯ ಕಾರಣ ವಿಡಿಯೊ ಮಾಡುವವರಿಗೇ ಸಂಬಂಧಿಸಿದ್ದು. ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವನ್ನು ಗೊತ್ತಿಲ್ಲದವರಿಗೆ ಹಂತಹಂತವಾಗಿ ಹೇಳಲು ಕುಳಿತಾಗ, ‘ಇದನ್ನು ಹೀಗೇಕೆ ಮಾಡುತ್ತೇನೆ’ ಎಂಬ ಪ್ರಶ್ನೆ ಪ್ರತಿ ಹಂತದಲ್ಲೂ ಎದುರಾಗುತ್ತದೆ. ಉತ್ತರ ಗೊತ್ತಿರುವ ಕಡೆ ಮಾತು ಸರಾಗವಾಗಿ ಹರಿಯುತ್ತದೆ. ಗೊತ್ತಿಲ್ಲದ ಕಡೆ ತಡವರಿಸುತ್ತದೆ, ಮತ್ತು ಆ ತಡವರಿಕೆಯನ್ನು ಕ್ಯಾಮೆರಾ ದಾಖಲಿಸಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ, ಓದಿ, ವಿಚಾರಿಸಿ, ಮತ್ತೆ ಹೇಳಿದಾಗ ಆ ವಿದ್ಯೆ ಮೊದಲಿಗಿಂತ ಚೆನ್ನಾಗಿ ನಮ್ಮದಾಗಿರುತ್ತದೆ. ನೋಡುವವರು ಹತ್ತೇ ಜನ ಇದ್ದರೂ ಈ ಲಾಭಕ್ಕೆ ಕುಂದಿಲ್ಲ. ಇದರ ಜೊತೆಗೆ, ಒಳ್ಳೆಯ ವಿವರಣೆಯ ವಿಡಿಯೊ ಪ್ರಕಟವಾದ ವಾರದಲ್ಲೇ ಮುಗಿದುಹೋಗುವುದಿಲ್ಲ. ಅದೇ ತೊಂದರೆಯನ್ನು ಎದುರಿಸುವವರು ಹುಡುಕಿದಾಗಲೆಲ್ಲ, ವರ್ಷಗಳ ನಂತರವೂ, ಅದು ಸಿಗುತ್ತದೆ. ಓದುವುದು ಕಷ್ಟವಾದವರಿಗೂ ಅದು ನೆರವಾಗುತ್ತದೆ.

ಯಾರಿಗೆ, ಯಾವುದರ ಬಗ್ಗೆ

ಹೊಸಬರು ಸಾಮಾನ್ಯವಾಗಿ ಚಾನೆಲ್‌ಗೆ ಹೆಸರು, ಲಾಂಛನ, ಮುಖಚಿತ್ರ ಇವುಗಳಿಂದ ಆರಂಭಿಸುತ್ತಾರೆ. ಅವೆಲ್ಲ ಆಮೇಲೆ ಬದಲಿಸಬಹುದಾದವು. ಮೊದಲು ನಿರ್ಧರಿಸಬೇಕಾದದ್ದು ಯಾರೊಂದಿಗೆ ಮಾತನಾಡುತ್ತಿದ್ದೇವೆ ಎಂಬುದು. ‘ಎಲ್ಲರಿಗೂ’ ಎಂಬ ಉತ್ತರದಿಂದ ವಿಡಿಯೊ ಹುಟ್ಟುವುದಿಲ್ಲ. ಗಿಡ ಬೆಳೆಸಲು ಈಗಷ್ಟೇ ಆಸಕ್ತಿ ತಳೆದ, ಕಸಿಚಾಕುವನ್ನು ಇನ್ನೂ ಕೈಯಲ್ಲಿ ಹಿಡಿಯದ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿ ಕೂರಿಸಿಕೊಂಡರೆ ಯಾವ ಪದವನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು, ಎಲ್ಲಿ ನಿಧಾನಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಅಮೆರಿಕದ ಸಹೋದರರಾದ ಹ್ಯಾಂಕ್ ಗ್ರೀನ್ ಮತ್ತು ಜಾನ್ ಗ್ರೀನ್ 2007ರ ಜನವರಿ 1ರಿಂದ ಒಂದು ವರ್ಷ ಕಾಲ ಪರಸ್ಪರ ಅಕ್ಷರ ಸಂದೇಶ ಕಳುಹಿಸದೆ ವಿಡಿಯೊಗಳ ಮೂಲಕ ಸಂಪರ್ಕದಲ್ಲಿರುವ ಯೋಜನೆಯನ್ನು ಕೈಗೊಂಡರು. ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಉದ್ದೇಶಿಸಿ ಆಡಿದ ಮಾತುಗಳಿಗೆ ದೊಡ್ಡ ವೀಕ್ಷಕವರ್ಗ ದೊರೆಯಿತು. ಒಬ್ಬರಿಗೆಂದು ಹೇಳಿದ ಮಾತಿನಲ್ಲಿ ಇರುವ ಖಚಿತತೆ ಮತ್ತು ಸಲುಗೆ ಗುಂಪಿಗೆಂದು ಹೇಳಿದ ಮಾತಿಗೆ ಬರುವುದು ಅಪರೂಪ.

ವಿಷಯವನ್ನು ಆರಿಸಿಕೊಳ್ಳುವಾಗ ನಿಮ್ಮನ್ನು ಜನ ಪದೇಪದೇ ಯಾವುದರ ಬಗ್ಗೆ ಕೇಳುತ್ತಾರೆ ಎಂದು ಗಮನಿಸಿ. ಅದೇ ವಿಷಯದಲ್ಲಿ ಕನಿಷ್ಠ ಹತ್ತು ವಿಡಿಯೊಗಳ ಶೀರ್ಷಿಕೆಗಳನ್ನು ಕಾಗದದ ಮೇಲೆ ಬರೆಯಲು ಸಾಧ್ಯವಾದರೆ ಆ ವಿಷಯ ನಿಮ್ಮ ಕೈಯಲ್ಲಿ ಬಾಳುತ್ತದೆ. ಮೂರಕ್ಕೇ ನಿಂತರೆ ಅದು ಬಹುಶಃ ತೀರಾ ಕಿರಿದು, ಇಲ್ಲವೇ ನಿಮಗೆ ಅದರಲ್ಲಿ ನಿಜವಾದ ಒಲವಿಲ್ಲ. ಒಂದು ವಿಡಿಯೊದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕೊಡಿ. ‘ಕಸಿ ಕಟ್ಟುವುದು’ ಎಂಬುದು ಒಂದು ವಿಡಿಯೊ ಅಲ್ಲ, ಅದೊಂದು ಸರಣಿ. ‘ಕಟ್ಟಿದ ಕಸಿ ಒಣಗಿಹೋಗುವುದೇಕೆ’ ಎಂಬುದು ಒಂದು ವಿಡಿಯೊ.

ಮಾತಿನ ಪ್ರತಿ ಪದವನ್ನೂ ಬರೆದು ಓದುವ ಅಗತ್ಯವಿಲ್ಲ. ಓದಿದ್ದು ಓದಿದಂತೆಯೇ ಕೇಳಿಸುತ್ತದೆ. ಆದರೆ ಮೊದಲ ಎರಡು ವಾಕ್ಯಗಳನ್ನು ಮತ್ತು ಕೊನೆಯ ವಾಕ್ಯವನ್ನು ಪೂರ್ತಿ ಬರೆದುಕೊಳ್ಳಿ, ನಡುವಿನದಕ್ಕೆ ನಾಲ್ಕೈದು ಅಂಶಗಳ ಪಟ್ಟಿ ಸಾಕು. ಮೊದಲ ವಾಕ್ಯದಲ್ಲೇ ವೀಕ್ಷಕರಿಗೆ ಏನು ಸಿಗಲಿದೆ ಎಂಬುದು ಬರಬೇಕು. ದೀರ್ಘ ಸ್ವಾಗತ, ಚಾನೆಲ್‌ನ ಪರಿಚಯ, ಚಂದಾದಾರರಾಗಿರೆಂಬ ವಿನಂತಿ ಇವುಗಳಿಗಾಗಿ ಯಾರೂ ಆ ವಿಡಿಯೊವನ್ನು ತೆರೆದಿರುವುದಿಲ್ಲ.

ಸಲಕರಣೆ

ಯೂಟ್ಯೂಬ್‌ಗೆ ಸೇರಿದ ಮೊಟ್ಟಮೊದಲ ವಿಡಿಯೊ 2005ರ ಏಪ್ರಿಲ್ 23ರದ್ದು. ಆ ತಾಣದ ಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಂ ಸ್ಯಾನ್ ಡಿಯಾಗೊ ಮೃಗಾಲಯದ ಆನೆಗಳ ಮುಂದೆ ನಿಂತು ಕೆಲವು ಮಾತು ಆಡುತ್ತಾರೆ. ಇಪ್ಪತ್ತು ಸೆಕೆಂಡುಗಳೊಳಗೆ ಅದು ಮುಗಿಯುತ್ತದೆ. ಇಂದು ಜೇಬಿನಲ್ಲಿರುವ ಸಾಧಾರಣ ಫೋನ್ ಕೂಡ ಅದಕ್ಕಿಂತ ಬಹಳ ಸ್ಪಷ್ಟವಾದ ಚಿತ್ರವನ್ನು ಕೊಡುತ್ತದೆ. ಆದ್ದರಿಂದ ಮೊದಲ ಹತ್ತು ವಿಡಿಯೊಗಳಿಗೆ ಹೊಸ ಕ್ಯಾಮೆರಾ ಕೊಳ್ಳಬೇಡಿ. ಹಣ ಖರ್ಚು ಮಾಡುವ ಇಚ್ಛೆ ಇದ್ದರೆ ಮೊದಲು ಮೈಕ್, ನಂತರ ಅಲುಗದ ಟ್ರೈಪಾಡ್, ಆಮೇಲೆ ದೀಪ. ಕ್ಯಾಮೆರಾ ಈ ಸಾಲಿನಲ್ಲಿ ಕೊನೆಯದು.

ಫೋನ್‌ನಲ್ಲಿ 1080ಪಿ, ಅಂದರೆ 1920×1080 ಪಿಕ್ಸೆಲ್‌ಗಳ ಗುಣಮಟ್ಟವನ್ನು ಆರಿಸಿಕೊಳ್ಳಿ. 4ಕೆ ಚಿತ್ರದಲ್ಲಿ ಪಿಕ್ಸೆಲ್‌ಗಳು ಇದರ ನಾಲ್ಕರಷ್ಟಿರುತ್ತವೆ, ಕಡತವೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಹಳೆಯ ಕಂಪ್ಯೂಟರ್‌ನಲ್ಲಿ ಸಂಕಲನ ಮಾಡುವಾಗ ತೊಡಕಾಗುತ್ತದೆ. ಮುಂಬದಿಯ ಕ್ಯಾಮೆರಾಕ್ಕಿಂತ ಹಿಂಬದಿಯದು ಸಾಮಾನ್ಯವಾಗಿ ಉತ್ತಮ. ಚಿತ್ರೀಕರಣಕ್ಕೆ ಮುನ್ನ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಫೋನ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಳಗೆ ಎಷ್ಟು ಜಾಗ ಉಳಿದಿದೆ ಎಂದು ನೋಡಿ. ಕರೆ ಬಂದು ಅಥವಾ ಜಾಗ ತುಂಬಿ ನಿಂತುಹೋದ ಚಿತ್ರೀಕರಣವನ್ನು ಅದೇ ಉತ್ಸಾಹದಿಂದ ಮತ್ತೆ ಮಾಡುವುದು ಕಷ್ಟ.

ಧ್ವನಿ

ಮಸುಕಾದ ಚಿತ್ರವನ್ನು ವೀಕ್ಷಕರು ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹೊಸಬರ ವಿಡಿಯೊಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಈ ಭಾಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಮೈಕ್ ಮತ್ತು ಬಾಯಿಯ ನಡುವಿನ ಅಂತರ ಎಲ್ಲಕ್ಕಿಂತ ಮುಖ್ಯ. ಅಂತರ ಎರಡು ಪಟ್ಟಾದಾಗ ಬಾಯಿಂದ ಮೈಕ್‌ಗೆ ನೇರವಾಗಿ ತಲುಪುವ ಧ್ವನಿ ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಆದರೆ ಕೋಣೆಯೊಳಗಿನ ಫ್ಯಾನ್‌ನ ಸದ್ದು, ಗೋಡೆಗಳಿಂದ ಮರಳುವ ಪ್ರತಿಧ್ವನಿ ಇಳಿಯುವುದಿಲ್ಲ. ಮೂರು ಮೀಟರ್ ದೂರದಲ್ಲಿಟ್ಟ ಫೋನ್‌ನಲ್ಲಿ ನಿಮ್ಮ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುವುದು ಇದರಿಂದಲೇ. ಆಮೇಲೆ ಧ್ವನಿಯನ್ನು ಹೆಚ್ಚಿಸಿದರೆ ಮಾತಿನ ಜೊತೆಗೆ ಗದ್ದಲವೂ ಹೆಚ್ಚುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ಈ ಸಮಸ್ಯೆಗೆ ಸರಳವಾದ ಪರಿಹಾರ. ಅದನ್ನು ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ, ಎದೆಯ ನಡುವೆ, ಬಟ್ಟೆಯ ಮಡಿಕೆ ಅಥವಾ ಸರ ಉಜ್ಜದ ಕಡೆ ಸಿಕ್ಕಿಸಿ. ಕಾಲರ್ ಮೈಕ್ ಇಲ್ಲದಿದ್ದರೆ ಎರಡನೆಯ ಫೋನ್ ಒಂದರಲ್ಲಿ ಧ್ವನಿಯನ್ನು ಮಾತ್ರ ದಾಖಲಿಸಿಕೊಂಡು ಅದನ್ನು ಚೌಕಟ್ಟಿನ ಹೊರಗೆ, ಬಾಯಿಗೆ ಹತ್ತಿರ ಇಟ್ಟುಕೊಳ್ಳಬಹುದು. ಎರಡೂ ದಾಖಲೆಗಳು ಶುರುವಾದ ಮೇಲೆ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಸಂಕಲನದ ವೇಳೆ ಆ ಸದ್ದನ್ನು ಗುರುತಾಗಿಟ್ಟುಕೊಂಡು ಎರಡನ್ನೂ ಹೊಂದಿಸಬಹುದು. ಬ್ಲೂಟೂತ್ ಇಯರ್‌ಫೋನ್‌ನ ಮೈಕ್ ಕರೆಗಳಿಗಾಗಿ ಧ್ವನಿಯನ್ನು ಕುಗ್ಗಿಸಿ ಕಳುಹಿಸುವುದರಿಂದ ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಕೋಣೆಯ ಆಯ್ಕೆಯೂ ಮೈಕ್‌ನಷ್ಟೇ ಪರಿಣಾಮ ಬೀರುತ್ತದೆ. ಬರಿಗೋಡೆ, ಬರಿನೆಲದ ಕೋಣೆಗಿಂತ ಪರದೆ, ಹಾಸಿಗೆ, ಬಟ್ಟೆ ತುಂಬಿದ ಕಪಾಟು ಇರುವ ಕೋಣೆಯಲ್ಲಿ ಮಾತು ಸ್ವಚ್ಛವಾಗಿ ದಾಖಲಾಗುತ್ತದೆ, ಏಕೆಂದರೆ ಮೆತ್ತನೆಯ ವಸ್ತುಗಳು ಪ್ರತಿಧ್ವನಿಯನ್ನು ಹೀರುತ್ತವೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಹೊರಾಂಗಣದಲ್ಲಿ, ಗಿಡಗಳ ನಡುವೆ ಚಿತ್ರೀಕರಿಸುವುದಾದರೆ ಗಾಳಿಯೇ ದೊಡ್ಡ ಶತ್ರು. ಮೈಕ್ ಜೊತೆಗೆ ಬರುವ ತೆಳು ಸ್ಪಂಜು ಗಾಳಿ ಜೋರಾದಾಗ ಸಾಲದು. ರೋಮದಂತಹ ಎಳೆಗಳಿರುವ ಹೊದಿಕೆ ಬೇಕು, ಇಲ್ಲವೇ ಗಾಳಿಗೆ ಬೆನ್ನು ಮಾಡಿ ನಿಂತು ದೇಹವನ್ನೇ ಅಡ್ಡವಾಗಿಸಿಕೊಳ್ಳಬೇಕು.

ಧ್ವನಿಯ ಮಟ್ಟ ತೋರಿಸುವ ಸೌಲಭ್ಯ ಇದ್ದರೆ, ನಿಮ್ಮ ಅತಿ ಜೋರಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರುವಂತೆ ಹೊಂದಿಸಿ. ಸೊನ್ನೆಯನ್ನು ಮುಟ್ಟಿದ ಕ್ಷಣ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಯನ್ನು ಮತ್ತೆ ಮೊದಲಿನಂತೆ ಮಾಡುವುದು ಬಹುಮಟ್ಟಿಗೆ ಅಸಾಧ್ಯ. ಮೊದಲು ಹತ್ತು ಸೆಕೆಂಡು ಮಾತನಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆಯೇ ಪೂರ್ತಿ ಚಿತ್ರೀಕರಣಕ್ಕೆ ತೊಡಗಿ. ಎಷ್ಟೇ ಅನುಭವ ಬಂದರೂ ಈ ಪರೀಕ್ಷೆಯನ್ನು ಬಿಡಬಾರದು. ಕೊನೆಯಲ್ಲಿ ಯಾರೂ ಮಾತನಾಡದೆ ಅರ್ಧ ನಿಮಿಷ ಆ ಸ್ಥಳದ ಮೌನವನ್ನೂ ದಾಖಲಿಸಿಕೊಂಡರೆ, ಮಾತಿನ ನಡುವೆ ಕತ್ತರಿಸಿದ ಜಾಗಗಳಿಗೆ ಅದನ್ನು ತುಂಬಬಹುದು. ಆಗ ಕತ್ತರಿಸಿದ ಗುರುತು ಕಿವಿಗೆ ತಿಳಿಯುವುದಿಲ್ಲ.

ಬೆಳಕು ಮತ್ತು ಚೌಕಟ್ಟು

ಕಿಟಕಿ ಇದ್ದರೆ ದೀಪ ಕೊಳ್ಳಬೇಕಾಗಿಲ್ಲ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಮುಖ ಕಪ್ಪಾಗುತ್ತದೆ. ಕಿಟಕಿಯತ್ತ ಮುಖ ಮಾಡಿ ಸ್ವಲ್ಪ ಓರೆಯಾಗಿ ಕುಳಿತರೆ ಒಂದು ಕೆನ್ನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೆಳಕು ಬಿದ್ದು ಮುಖಕ್ಕೆ ಆಕಾರ ಬರುತ್ತದೆ. ನೇರ ಬಿಸಿಲು ಬೀಳುತ್ತಿದ್ದರೆ ತೆಳುವಾದ ಬಿಳಿ ಪರದೆಯನ್ನು ಎಳೆಯಿರಿ. ಹಗಲಿನ ಬೆಳಕಿನ ವರ್ಣತಾಪ (ಬೆಳಕು ನೀಲಿಯತ್ತ ಇದೆಯೋ ಹಳದಿಯತ್ತ ಇದೆಯೋ ಎಂಬುದರ ಅಳತೆ) ಸುಮಾರು 5600 ಕೆಲ್ವಿನ್, ಹಳದಿ ಬಲ್ಬಿನದು ಸುಮಾರು 3000 ಕೆಲ್ವಿನ್. ಎರಡೂ ಬೆರೆತರೆ ಮುಖದ ಒಂದು ಪಕ್ಕ ನೀಲಿಯಾಗಿ, ಇನ್ನೊಂದು ಪಕ್ಕ ಕಿತ್ತಳೆಯಾಗಿ ಕಾಣುತ್ತದೆ, ಆದ್ದರಿಂದ ಕಿಟಕಿಯ ಬೆಳಕಿನಲ್ಲಿ ಚಿತ್ರೀಕರಿಸುವಾಗ ಬಲ್ಬುಗಳನ್ನು ಆರಿಸಿಬಿಡಿ. ಫೋನ್‌ನ ಪರದೆಯ ಮೇಲೆ ನಿಮ್ಮ ಮುಖವಿರುವ ಜಾಗವನ್ನು ಒತ್ತಿ ಹಿಡಿದರೆ ಅನೇಕ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕಿನ ಮಟ್ಟ ಲಾಕ್ ಆಗುತ್ತವೆ. ಹೀಗೆ ಮಾಡದಿದ್ದರೆ ನೀವು ಕೈ ಆಡಿಸಿದಾಗಲೆಲ್ಲ ಚಿತ್ರ ಒಮ್ಮೆ ಮಂಕಾಗಿ ಒಮ್ಮೆ ಬೆಳಗುತ್ತಿರುತ್ತದೆ.

ಕೃತಕ ದೀಪದಡಿ ಚಿತ್ರದಲ್ಲಿ ಪಟ್ಟೆಗಳು ಅಲುಗುವಂತೆ ಕಂಡರೆ ಅದಕ್ಕೆ ವಿದ್ಯುತ್ತಿನ ಆವರ್ತನ ಕಾರಣ. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಶಟರ್ ವೇಗವನ್ನು, ಅಂದರೆ ಪ್ರತಿ ಚಿತ್ರಕ್ಕೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿಯನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120ಕ್ಕೆ ಹೊಂದಿಸಿದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ.

ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಪರದೆಯಲ್ಲಿ ಕಾಣುವ ನಿಮ್ಮ ಮುಖವನ್ನಲ್ಲ, ಮಸೂರವನ್ನು ನೋಡಿ ಮಾತನಾಡಿ. ದೀರ್ಘ ವಿವರಣೆಗಳಿಗೆ ಅಡ್ಡ ಚೌಕಟ್ಟು, ಒಂದೆರಡು ನಿಮಿಷದೊಳಗಿನ ತುಣುಕುಗಳಿಗೆ ಉದ್ದ ಚೌಕಟ್ಟು ಒಗ್ಗುತ್ತದೆ. ಮಾತಿನ ಭಾಗ ಮುಗಿದ ನಂತರ ಕೆಲಸದ ಸಮೀಪದ ದೃಶ್ಯಗಳನ್ನು ಬೇರೆಯಾಗಿ ತೆಗೆದುಕೊಳ್ಳಿ: ಚಾಕು ತೊಗಟೆಯೊಳಗೆ ಇಳಿಯುವುದು, ಸೀಳಿನಲ್ಲಿ ಕಡ್ಡಿ ಕೂರುವುದು, ಪಟ್ಟಿ ಸುತ್ತುವ ಬೆರಳುಗಳು. ಪ್ರತಿ ದೃಶ್ಯವನ್ನೂ ಕನಿಷ್ಠ ಹತ್ತು ಸೆಕೆಂಡು ಅಲುಗಿಸದೆ ಹಿಡಿಯಿರಿ. ಕಲಿಯಲು ಬಂದವರಿಗೆ ನಿಮ್ಮ ಮುಖಕ್ಕಿಂತ ಈ ದೃಶ್ಯಗಳು ಮುಖ್ಯ, ಮತ್ತು ಕ್ಯಾಮೆರಾವನ್ನು ಕೆಲಸ ಮಾಡುವವರ ಎದುರಿಗಿಂತ ಭುಜದ ಮೇಲಿನಿಂದ ಇಟ್ಟರೆ ಎಡ ಬಲಗಳು ಅದಲುಬದಲಾಗದೆ ನೋಡುವವರ ಕೈಗೆ ನೇರವಾಗಿ ಹೊಂದುತ್ತವೆ.

ಸಂಕಲನ

ಕಂಪ್ಯೂಟರ್ ಇದ್ದವರಿಗೆ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ, ಮುಕ್ತ ತಂತ್ರಾಂಶಗಳಾದ ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಲಭ್ಯವಿವೆ. ಫೋನ್‌ನಲ್ಲೇ ಕೆಲಸ ಮುಗಿಸಲು ಕೂಡ ಅನೇಕ ಆ್ಯಪ್‌ಗಳಿವೆ. ಯಾವುದನ್ನಾದರೂ ಒಂದನ್ನು ಆರಿಸಿಕೊಂಡು ಅದರಲ್ಲೇ ಪಳಗುವುದು ಮೇಲು.

ಮೊದಲು ಚಿತ್ರವನ್ನು ಮರೆತು ಮಾತನ್ನು ಮಾತ್ರ ಕೇಳುತ್ತಾ ಕತ್ತರಿಸಿ. ತಡವರಿಕೆ, ಪುನರುಕ್ತಿ, ವಿಷಯದಿಂದ ಹೊರಳಿದ ಮಾತು ಇವೆಲ್ಲ ಹೋಗಲಿ. ಉಳಿದ ಮಾತು ಕಣ್ಣು ಮುಚ್ಚಿ ಕೇಳಿದರೂ ಅರ್ಥವಾಗುವಂತಿದ್ದರೆ ವಿಡಿಯೊದ ಬೆನ್ನೆಲುಬು ಸಿದ್ಧವಾದಂತೆ. ಆಮೇಲೆ ಕತ್ತರಿಸಿದ ಜಾಗಗಳಲ್ಲಿ ಮುಖ ಜಿಗಿದಂತೆ ಕಾಣುವ ಕಡೆ ಸಮೀಪದ ದೃಶ್ಯಗಳನ್ನು ಮೇಲೆ ಹೊದಿಸಿ. ಹಿನ್ನೆಲೆ ಸಂಗೀತ ಬೇಕೇ ಬೇಕೆಂದಿಲ್ಲ; ಹಾಕಿದರೆ ಮಾತಿನ ಕೆಳಗೆ ಅದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಾಗಿರಲಿ. ಎಷ್ಟು ಉದ್ದ ಇರಬೇಕೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಆದರೆ ತೆಗೆದುಹಾಕಿದರೂ ಯಾರಿಗೂ ಕೊರತೆ ಕಾಣದ ಭಾಗ ಒಳಗಿರಬಾರದು.

ಪ್ರಕಟಣೆಗೆ ಮುನ್ನ

ಶೀರ್ಷಿಕೆಯಲ್ಲಿ ಜನ ಹುಡುಕುವಾಗ ನಿಜವಾಗಿ ಬಳಸುವ ಮಾತು ಇರಲಿ. ಯೂಟ್ಯೂಬ್‌ನಲ್ಲಿ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ, ಆದರೆ ಫೋನ್‌ನ ಪರದೆಯಲ್ಲಿ ಅಷ್ಟೂ ಕಾಣುವುದಿಲ್ಲವಾದ್ದರಿಂದ ಮುಖ್ಯ ಪದಗಳು ಮೊದಲೇ ಬರಬೇಕು. ಥಂಬ್‌ನೇಲ್ ಚಿತ್ರವನ್ನು, ಅಂದರೆ ಪಟ್ಟಿಯಲ್ಲಿ ವಿಡಿಯೊದ ಗುರುತಾಗಿ ಕಾಣುವ ಸಣ್ಣ ಚಿತ್ರವನ್ನು, 1280×720 ಪಿಕ್ಸೆಲ್‌ಗಳಲ್ಲಿ ತಯಾರಿಸಿ, ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡಿದಾಗಲೂ ಅದರಲ್ಲಿ ಏನಿದೆಯೆಂದು ತಿಳಿಯುತ್ತದೆಯೇ ಎಂದು ಪರೀಕ್ಷಿಸಿ. ವಿಡಿಯೊದಲ್ಲಿ ಇಲ್ಲದ್ದನ್ನು ಥಂಬ್‌ನೇಲ್‌ನಲ್ಲಿ ತೋರಿಸುವುದು ಮೋಸ. ಮೋಸಹೋದವರು ಕೆಲವೇ ಸೆಕೆಂಡುಗಳಲ್ಲಿ ಹೊರಟುಹೋಗುತ್ತಾರೆ ಮತ್ತು ಮರಳಿ ಬರುವುದಿಲ್ಲ. ಹದಿನೈದು ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಬೇಕಾದರೆ ಮೊದಲು ಫೋನ್ ಸಂಖ್ಯೆಯ ಮೂಲಕ ಖಾತೆಯನ್ನು ದೃಢೀಕರಿಸಬೇಕಾಗುತ್ತದೆ. ವಿಡಿಯೊದ ಕೆಳಗೆ ಬರೆಯುವ ವಿವರಣೆಯಲ್ಲಿ ಅಧ್ಯಾಯಗಳ, ಅಂದರೆ ವಿಡಿಯೊದ ಭಾಗಗಳ, ಸಮಯವನ್ನು ಕೊಡುವುದಾದರೆ ಪಟ್ಟಿ 00:00ರಿಂದ ಶುರುವಾಗಬೇಕು, ಕನಿಷ್ಠ ಮೂರು ಅಧ್ಯಾಯಗಳಿರಬೇಕು, ಪ್ರತಿಯೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು.

ಸಬ್‌ಟೈಟಲ್ ಹಾಕುವ ಶ್ರಮವನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಕಿವಿ ಕೇಳಿಸದವರಿಗೆ ನಿಮ್ಮ ವಿಡಿಯೊ ತೆರೆಯುವ ಬಾಗಿಲು ಅದೊಂದೇ. ಸದ್ದಿರುವ ಜಾಗದಲ್ಲಿ, ಧ್ವನಿ ಹಾಕಲಾಗದ ಸಂದರ್ಭದಲ್ಲಿ ನೋಡುವವರಿಗೂ ಅದು ಬೇಕು. ಯಂತ್ರ ತಾನಾಗಿ ತಯಾರಿಸಿದ ಸಬ್‌ಟೈಟಲ್‌ನಲ್ಲಿ ಹೆಸರುಗಳೂ ಪಾರಿಭಾಷಿಕ ಪದಗಳೂ ಸುಲಭವಾಗಿ ತಪ್ಪಾಗುತ್ತವೆ, ಆದ್ದರಿಂದ ಒಮ್ಮೆ ಪೂರ್ತಿ ಓದಿ ತಿದ್ದಬೇಕು.

ಇತರರ ಹಾಡು, ಚಿತ್ರದ ತುಣುಕುಗಳನ್ನು ಅನುಮತಿ ಇಲ್ಲದೆ ಬಳಸಬಾರದು. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಕ್ಕುದಾರರು ನೋಂದಾಯಿಸಿದ ಸಂಗೀತ ಮತ್ತು ದೃಶ್ಯಗಳನ್ನು ತಾನಾಗಿ ಗುರುತಿಸುತ್ತದೆ. ಆಗ ವಿಡಿಯೊ ತಡೆಹಿಡಿಯಲ್ಪಡಬಹುದು, ಅದರ ಆದಾಯ ಹಕ್ಕುದಾರರಿಗೆ ಹೋಗಬಹುದು. ಯೂಟ್ಯೂಬ್‌ನದೇ ಆಡಿಯೊ ಲೈಬ್ರರಿಯಲ್ಲಿ ಉಚಿತವಾಗಿ ಬಳಸಬಹುದಾದ ಸಂಗೀತವಿದೆ. ಕೆಲವು ಷರತ್ತುಗಳೊಂದಿಗೆ ಇತರರಿಗೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುವುದನ್ನು ಬಳಸಿದರೆ ಕೇಳಿದ ರೀತಿಯಲ್ಲಿ ಕರ್ತೃವಿನ ಹೆಸರನ್ನು ವಿವರಣೆಯಲ್ಲಿ ಕೊಡಿ.

ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಮನುಷ್ಯರ ವಿಷಯದಲ್ಲಿ. ವಿಡಿಯೊದಲ್ಲಿ ಗುರುತು ಸಿಗುವಂತೆ ಕಾಣಿಸುವವರಿಂದ ಚಿತ್ರೀಕರಣಕ್ಕೂ ಪ್ರಕಟಣೆಗೂ ಒಪ್ಪಿಗೆ ಪಡೆಯಿರಿ, ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಇರಲೇಬೇಕು. ಮಗುವಿಗೆ ಮುಂದೆ ಮುಜುಗರ ತರಬಹುದಾದ ಅಳು, ಕಾಯಿಲೆ, ಗದರಿಕೆಯ ದೃಶ್ಯಗಳನ್ನು ಪೋಷಕರು ಒಪ್ಪಿದರೂ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಿನ್ನೆಲೆಯಲ್ಲಿ ಮನೆಯ ಸಂಖ್ಯೆ, ವಾಹನದ ನಂಬರ್ ಪ್ಲೇಟ್, ವಿಳಾಸವಿರುವ ಪತ್ರ ಕಾಣಿಸುತ್ತಿದೆಯೇ ಎಂದು ದೊಡ್ಡ ಪರದೆಯ ಮೇಲೆ ಒಮ್ಮೆ ನೋಡಿಕೊಳ್ಳಿ. ಪ್ರವಾಸದಲ್ಲಿ ತೆಗೆದ ವಿಡಿಯೊವನ್ನು ಆ ಸ್ಥಳ ಬಿಟ್ಟ ಮೇಲೆಯೇ ಪ್ರಕಟಿಸಿ. ಯಾವುದಾದರೂ ವಸ್ತುವನ್ನು ಉಚಿತವಾಗಿ ಪಡೆದು ಅಥವಾ ಹಣ ಪಡೆದು ಹೊಗಳುತ್ತಿದ್ದರೆ ಅದನ್ನು ವಿಡಿಯೊದ ಒಳಗೇ ಸ್ಪಷ್ಟವಾಗಿ ತಿಳಿಸಬೇಕು.

ಪ್ರಕಟವಾದ ಮೇಲೆ

ವಾರಕ್ಕೊಂದು ಸಾಧ್ಯವಾಗದಿದ್ದರೆ ತಿಂಗಳಿಗೆ ಎರಡು. ಯಾವ ಲಯವನ್ನು ಆರು ತಿಂಗಳು ಬಿಡದೆ ನಡೆಸಬಲ್ಲಿರೋ ಅದನ್ನೇ ಆರಿಸಿಕೊಳ್ಳಿ. ಒಂದೇ ದಿನ ಎರಡು ಮೂರು ವಿಡಿಯೊಗಳ ಮಾತಿನ ಭಾಗವನ್ನು ಚಿತ್ರೀಕರಿಸಿಟ್ಟುಕೊಂಡರೆ ಬಿಡುವಿಲ್ಲದ ವಾರಗಳನ್ನು ದಾಟಬಹುದು.

ಹಣದ ವಿಚಾರವನ್ನು ಆರಂಭದಲ್ಲಿ ದೂರವಿಡುವುದು ಒಳ್ಳೆಯದು. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಆದಾಯದಲ್ಲಿ ಪಾಲು ಪಡೆಯಲು 1,000 ಚಂದಾದಾರರು, ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆಗಳ ಸಾರ್ವಜನಿಕ ವೀಕ್ಷಣೆ ಅಥವಾ 90 ದಿನಗಳಲ್ಲಿ ಕಿರು ವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆ ಬೇಕೆಂಬ ನಿಯಮವನ್ನು 2023ರ ಹೊತ್ತಿಗೆ ನಿಗದಿಪಡಿಸಲಾಗಿತ್ತು. ಅಲ್ಲಿಗೆ ತಲುಪಲು ಬಹಳ ಜನರಿಗೆ ದೀರ್ಘ ಸಮಯ ಹಿಡಿಯುತ್ತದೆ. ವಿದ್ಯೆಯನ್ನು ಹಂಚುವ ಆಸೆಯಿಂದ ಆರಂಭಿಸಿದವರು ಆ ಅವಧಿಯನ್ನು ದಾಟಬಲ್ಲರು, ಆದಾಯವೊಂದನ್ನೇ ನೆಚ್ಚಿಕೊಂಡವರಿಗೆ ಅದು ಕಠಿಣವಾಗುತ್ತದೆ.

ವೀಕ್ಷಣೆಯ ಸಂಖ್ಯೆಗಿಂತ ಹೆಚ್ಚು ಕಲಿಸುವುದು, ವೀಕ್ಷಕರು ಎಲ್ಲಿಯವರೆಗೆ ನೋಡಿದರು ಎಂಬುದನ್ನು ತೋರಿಸುವ ರೇಖಾಚಿತ್ರ. ಮೊದಲ ಮೂವತ್ತು ಸೆಕೆಂಡುಗಳಲ್ಲೇ ರೇಖೆ ಕಡಿದಾಗಿ ಇಳಿದಿದ್ದರೆ ಆರಂಭದ ಮಾತು ಉದ್ದವಾಗಿದೆ, ಇಲ್ಲವೇ ಶೀರ್ಷಿಕೆ ಕೊಟ್ಟ ಭರವಸೆ ತಡವಾಗಿ ಈಡೇರಿದೆ. ನಡುವೆ ಒಂದು ಕಡೆ ಥಟ್ಟನೆ ಕುಸಿದಿದ್ದರೆ ಆ ಕ್ಷಣಕ್ಕೆ ಹೋಗಿ ನೋಡಿ. ವಿಷಯ ಬಿಟ್ಟು ಮಾತು ಹೊರಳಿರುವುದು ಅಲ್ಲಿಯೇ ಸಿಗಬಹುದು. ರೇಖೆ ಮೇಲೇರಿದ್ದರೆ ಆ ಭಾಗವನ್ನು ಜನ ಹಿಂದಕ್ಕೆ ಸರಿಸಿ ಮತ್ತೆ ನೋಡಿದ್ದಾರೆ ಎಂದರ್ಥ. ಅದು ಅವರಿಗೆ ತುಂಬ ಉಪಯೋಗವಾಗಿರಬಹುದು ಅಥವಾ ಮೊದಲ ಸಲ ಅರ್ಥವಾಗದೆ ಹೋಗಿರಬಹುದು. ಕಸಿಕಡ್ಡಿಯನ್ನು ಸೀಳಿನಲ್ಲಿ ಕೂರಿಸುವ ಹಂತದಲ್ಲಿ ಹಾಗಾಗಿದ್ದರೆ ಆ ಒಂದು ಹಂತಕ್ಕೇ ಪ್ರತ್ಯೇಕ ವಿಡಿಯೊ ಮಾಡಿ, ಕ್ಯಾಮೆರಾವನ್ನು ಇನ್ನೂ ಹತ್ತಿರ ತಂದು, ಎರಡು ಹಸಿರು ಪದರಗಳು ಕೂಡುವ ಜಾಗವನ್ನು ನಿಧಾನವಾಗಿ ತೋರಿಸಿ.